ಕೊಳಗ ಕಿರಿದಾದಾಗ ರಾಶಿ ಅಳೆಯುವುದು ಹೇಗೆ

1994ರ ಏಪ್ರಿಲ್ ತಿಂಗಳು. ಶಿರಸಿ ತಾಲ್ಲೂಕಿನ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ನಾನು ಕೌಂಟರಿನ ಹಿಂದೆ ಕುಳಿತಿದ್ದೆ. ಕಿಸಾನ್ ವಿಕಾಸ ಪತ್ರದ ಅವಧಿ ಮುಗಿದಿದೆ ಎಂದು ಹೆಗಡೆಯವರೊಬ್ಬರು ಬಂದರು. 1988ರ ಅಕ್ಟೋಬರಿನಲ್ಲಿ ಅವರಿಗೆ ಆ ಪತ್ರವನ್ನು ಬರೆದುಕೊಟ್ಟವನೂ ನಾನೇ. ಐದೂವರೆ ವರ್ಷದಲ್ಲಿ ದುಡ್ಡು ಇಮ್ಮಡಿ ಎಂದು ಆಗ ನಾನು ಎಷ್ಟು ಉತ್ಸಾಹದಿಂದ ಹೇಳಿದ್ದೆನೆಂದರೆ, ಮನೆಗೆ ಹಂಚು ಹೊದಿಸಲು ಕೂಡಿಟ್ಟಿದ್ದ 10,000 ರೂಪಾಯಿಯನ್ನು ಅವರು ಹಂಚಿಗೆ ಹಾಕದೆ ಪತ್ರಕ್ಕೆ ಹಾಕಿದರು. ಹುಲ್ಲಿನ ಮಾಡು ಇನ್ನು ಐದು ಮಳೆಗಾಲ ತಡೆಯುತ್ತದೆ, ಅಷ್ಟರಲ್ಲಿ ಇಪ್ಪತ್ತು ಸಾವಿರವಾಗುತ್ತದೆ ಎಂಬುದು ಅವರ ಲೆಕ್ಕ.

ನಾನು ಇಪ್ಪತ್ತು ಸಾವಿರ ಎಣಿಸಿ ಕೊಟ್ಟೆ. ಅವರು ಮತ್ತೊಮ್ಮೆ ಎಣಿಸಿದರು. ಆಮೇಲೆ ಹೇಳಿದರು: "ತಮ್ಮಾ, ದುಡ್ಡು ಇಮ್ಮಡಿ ಆಯಿತು, ಸುಳ್ಳಲ್ಲ. ಆದರೆ ಆಗ ಬಡಗಿ ಮರ, ಹಂಚು, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರ ಹೇಳಿದ್ದ. ಈಗ ಇಪ್ಪತ್ತೊಂದೂವರೆ ಹೇಳುತ್ತಿದ್ದಾನೆ. ಆಗ ಸಾವಿರ ಕಡಿಮೆ ಬಿದ್ದಿತ್ತು, ಈಗ ಒಂದೂವರೆ ಸಾವಿರ ಕಡಿಮೆ ಬೀಳುತ್ತದೆ."

ಆ ರಾತ್ರಿ ಮನೆಯಲ್ಲಿ ಕುಳಿತು ಲೆಕ್ಕ ಹಾಕಿದೆ. 1988ರ ಕೊನೆಯ ಹೊತ್ತಿಗೆ ಡಾಲರಿಗೆ ಸುಮಾರು ಹದಿನಾಲ್ಕೂವರೆ ರೂಪಾಯಿ. ನಡುವೆ 1991ರ ಜುಲೈಯಲ್ಲಿ ಎರಡೇ ದಿನಗಳ ಅಂತರದಲ್ಲಿ ಎರಡು ಸಲ ಅಪಮೌಲ್ಯವಾಯಿತು. 1994ರಲ್ಲಿ ಡಾಲರಿಗೆ 31 ರೂಪಾಯಿ 37 ಪೈಸೆ. ಅಂದರೆ ಹೆಗಡೆಯವರು ಇಟ್ಟದ್ದು ಸುಮಾರು 690 ಡಾಲರ್, ಪಡೆದದ್ದು 640ಕ್ಕೂ ಕಡಿಮೆ. ಇಮ್ಮಡಿಯಾದ ಹಣ ಡಾಲರಿನಲ್ಲಿ ಕುಗ್ಗಿತ್ತು! ಚಿನ್ನದಲ್ಲಿ ಅಳೆದೆ. ಇಟ್ಟಾಗ ಹತ್ತು ಗ್ರಾಂಗೆ ಮೂರು ಸಾವಿರದ ಚಿಲ್ಲರೆ ಇತ್ತು, ಪಡೆದಾಗ ನಾಲ್ಕೂವರೆ ಸಾವಿರದ ಆಸುಪಾಸು. 32 ಗ್ರಾಂ ಬರುವ ಹಣ 44 ಗ್ರಾಂ ತರುವಷ್ಟಾಗಿತ್ತು. ಹಂಚಿನ ಮಾಡಿನಲ್ಲಿ ಅಳೆದರೆ ಹತ್ತಿರ ಹತ್ತಿರ ಸಮ. ಒಂದೇ ಹಣ, ಒಂದೇ ಅವಧಿ, ಉತ್ತರ ಮೂರು.

ಹೆಗಡೆಯವರು ಜೀವಮಾನದಲ್ಲಿ ಡಾಲರ್ ಕಂಡವರಲ್ಲ. ಅವರಿಗೆ ಹೆಣ್ಣುಮಕ್ಕಳೂ ಇರಲಿಲ್ಲ, ಚಿನ್ನದ ಚಿಂತೆ ಇರಲಿಲ್ಲ. ಅವರ ಹಣ ಹಂಚಿಗಾಗಿ ಇದ್ದ ಹಣ. ಅದನ್ನು ಅಳೆಯಬೇಕಾದ ಕೊಳಗ ಹಂಚಿನದೇ. ರೂಪಾಯಿ ಬೆಲೆ ಇಳಿಯಿತು ಎನ್ನುವುದು ಅರ್ಧ ವಾಕ್ಯ ಎಂದು ನನಗೆ ಹೊಳೆದದ್ದು ಆಗ. ಯಾವುದರ ಎದುರು ಇಳಿಯಿತು, ಆ ವಸ್ತು ನಮ್ಮ ಮನೆಗೆ ಬೇಕೇ ಎಂದು ಕೇಳಿಕೊಂಡರೆ ಮಾತ್ರ ವಾಕ್ಯ ಪೂರ್ತಿಯಾಗುತ್ತದೆ. ಅಳೆಯುವ ಕೊಳಗವೇ ಕಿರಿದಾದರೆ ಅದೇ ಭತ್ತದ ರಾಶಿ ಹೆಚ್ಚು ಕೊಳಗ ತೂಗುತ್ತದೆ. ಲೆಕ್ಕದ ಪುಸ್ತಕಕ್ಕೆ ಸಂತೋಷ, ಅನ್ನದ ಪಾತ್ರೆಗೆ ವ್ಯತ್ಯಾಸವಿಲ್ಲ.

ನಾನು 2018ರಲ್ಲಿ ನಿವೃತ್ತನಾದೆ. ಪ್ರತಿ ವರ್ಷ ದೀಪಾವಳಿಯ ಮರುದಿನ, ಗೋಪೂಜೆಯ ಗಡಿಬಿಡಿ ಮುಗಿದ ಮೇಲೆ, ನಾನೂ ನನ್ನ ಹೆಂಡತಿಯೂ ಒಂದು ಲೆಕ್ಕ ಮಾಡುತ್ತೇವೆ: ರೂಪಾಯಿ ಕಿರಿದಾಗುತ್ತಿರುವಾಗ ನಮ್ಮ ಉಳಿತಾಯ ನಿಜವಾಗಿ ಬೆಳೆಯಿತೇ, ಸವೆಯಿತೇ ಎಂದು. ಹೇಗೆ ಮಾಡುತ್ತೇವೆ ಎಂದು ಪರಿಚಯದವರು ಕೇಳುತ್ತಲೇ ಇರುವುದರಿಂದ ಇಲ್ಲಿ ಬರೆದಿದ್ದೇನೆ. ಒಂದು ನೋಟ್‌ಬುಕ್, ಒಂದು ಕ್ಯಾಲ್ಕ್ಯುಲೇಟರ್, ಎರಡು ಗಂಟೆ ಸಾಕು.

ಮೊದಲು ಮನೆಯ ಕೊಳಗ

ಸರ್ಕಾರದ ಬೆಲೆ ಸೂಚ್ಯಂಕ ಇಡೀ ದೇಶದ ಸರಾಸರಿ. ಅದರಲ್ಲಿ ದೋಷವಿಲ್ಲ, ಆದರೆ ಅದು ನಿಮ್ಮ ಮನೆಯಲ್ಲ. ನಿಮ್ಮ ಮನೆಯಲ್ಲಿ ಪ್ರತಿ ತಿಂಗಳು ತಪ್ಪದೆ ಬರುವ ಹತ್ತು ಹನ್ನೆರಡು ಖರ್ಚುಗಳನ್ನು ಬರೆಯಿರಿ. ಹಳೆಯ ಬೆಲೆ ಎಲ್ಲಿಂದ ತರುವುದು? ಹಾಲಿನ ಲೆಕ್ಕದ ಕ್ಯಾಲೆಂಡರ್, ಔಷಧ ಅಂಗಡಿಯ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸಹಕಾರಿ ಸಂಘದ ಬಿಲ್ಲು, ಇವೆಲ್ಲ ಸಾಕ್ಷಿ. ನಮ್ಮ ಮನೆಯಲ್ಲಿ ಹೆಂಡತಿ 1996ರಿಂದ ಅಡುಗೆಮನೆ ಪುಸ್ತಕ ಇಟ್ಟಿದ್ದಾಳೆ. ಅದು ನನ್ನ ಇಲಾಖೆಯ ಎಲ್ಲ ರಿಜಿಸ್ಟರುಗಳಿಗಿಂತ ಚೊಕ್ಕ.

ಮುಖ್ಯ ನಿಯಮ ಒಂದೇ: ಪ್ರಮಾಣ ಬದಲಾಯಿಸಬಾರದು. ಆಗಲೂ 20 ಕಿಲೋ ಅಕ್ಕಿ, ಈಗಲೂ 20 ಕಿಲೋ. ಮನೆಯಲ್ಲಿ ಜನ ಕಡಿಮೆಯಾಗಿ ಈಗ ಹನ್ನೆರಡೇ ಕಿಲೋ ಸಾಕಾಗುತ್ತದೆ ಎನ್ನುವುದು ಬೇರೆ ವಿಷಯ. ನಾವು ಅಳೆಯುತ್ತಿರುವುದು ಬೆಲೆಯನ್ನು, ಹಸಿವನ್ನಲ್ಲ.

ನಮ್ಮ ಪುಸ್ತಕದ 2015 ಮತ್ತು 2025ರ ದೀಪಾವಳಿ ತಿಂಗಳ ಕೆಲವು ಸಾಲುಗಳು: ಅಕ್ಕಿ ಕಿಲೋಗೆ 38ರಿಂದ 58. ಪಕ್ಕದ ಮನೆಯ ಹಾಲು ಲೀಟರಿಗೆ 30ರಿಂದ 50. ಕೊಬ್ಬರಿ ಎಣ್ಣೆ ಕಿಲೋಗೆ 150ರಿಂದ 410, ಅದರಲ್ಲಿ ಬಹುಪಾಲು ಕೊನೆಯ ಒಂದೂವರೆ ವರ್ಷದಲ್ಲೇ. ತೋಟದ ಆಳಿನ ಕೂಲಿ ದಿನಕ್ಕೆ 350ರಿಂದ 650. ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಕೂಲಿಯನ್ನು ಇಲ್ಲಿ ಸೇರಿಸಿಲ್ಲ, ಸೇರಿಸಿದರೆ ಪುಸ್ತಕ ಮುಚ್ಚಿಡಬೇಕಾಗುತ್ತದೆ. ನಮ್ಮಿಬ್ಬರ ಔಷಧ ತಿಂಗಳಿಗೆ 1,100ರಿಂದ 3,100. ಇದರಲ್ಲಿ ಮಾತ್ರ ಮೋಸವಿದೆ, ಗುಳಿಗೆಗಳ ಸಂಖ್ಯೆಯೂ ಹೆಚ್ಚಿದೆ. ಆದರೂ ವಯಸ್ಸಾಗುವುದೂ ಮನೆಯ ಖರ್ಚೇ ಎಂದು ಹೆಂಡತಿ ವಾದಿಸಿದಳು, ಒಪ್ಪಿಕೊಂಡೆ. ವಿದ್ಯುತ್ ಬಿಲ್ 450 ಇದ್ದದ್ದು 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಸೊನ್ನೆ. ಇಳಿದದ್ದನ್ನೂ ಬರೆಯಬೇಕು. ಏರಿದ್ದನ್ನಷ್ಟೇ ಬರೆದರೆ ಅದು ದೂರಿನ ಅರ್ಜಿ, ಲೆಕ್ಕವಲ್ಲ.

ಎಲ್ಲ ಕೂಡಿಸಿದಾಗ 2015ರಲ್ಲಿ ತಿಂಗಳಿಗೆ 14,200 ಬೇಕಾಗಿದ್ದ ಮೂಟೆಗೆ 2025ರಲ್ಲಿ 25,600 ಬೇಕಾಯಿತು. ಭಾಗಿಸಿದರೆ 1.80. ಇದೇ ನಮ್ಮ ಮನೆಯ ಗುಣಕ. ವರ್ಷಕ್ಕೆ ಸುಮಾರು ಶೇ. 6ರಂತೆ ಏರಿದರೆ ಹತ್ತು ವರ್ಷಕ್ಕೆ ಇಷ್ಟಾಗುತ್ತದೆ.

ಹೋಲಿಕೆಗೆ ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ನೋಡಬಹುದು. 2001-02ಕ್ಕೆ 100 ಎಂದು ಇಟ್ಟು ಪ್ರತಿ ವರ್ಷ ಪ್ರಕಟಿಸುತ್ತಾರೆ. 2015-16ಕ್ಕೆ 254, 2025-26ಕ್ಕೆ 376. ಗುಣಕ 1.48. ನಮ್ಮ 1.80ಕ್ಕಿಂತ ಬಹಳ ಕಡಿಮೆ. ಕಾರಣ ಎರಡು. ಆ ಸೂಚ್ಯಂಕವನ್ನು ಕಟ್ಟುವಾಗ ಕಾನೂನು ಹೇಳುವುದೇ ನಗರಗಳ ಬೆಲೆಯೇರಿಕೆಯ ಮುಕ್ಕಾಲು ಪಾಲನ್ನು ಗಣನೆಗೆ ತೆಗೆದುಕೊಳ್ಳಲು. ಮತ್ತೆ ನಮ್ಮ ಮೂಟೆಯಲ್ಲಿ ಕೂಲಿ, ಔಷಧಗಳ ಭಾರ ಹೆಚ್ಚು. ಹಳೆಯ ಚೀಟಿಗಳಾವುವೂ ಇಲ್ಲದವರು ಈ ಸೂಚ್ಯಂಕವನ್ನೇ ಹಿಡಿದು ಆರಂಭಿಸಬಹುದು. ಆದರೆ ಅದನ್ನು ಕನಿಷ್ಠ ಎಂದು ತಿಳಿಯಿರಿ.

ಆಮೇಲೆ ಆಸ್ತಿ ಬರೆಯುವುದು

ಬ್ಯಾಂಕಿನವರ ಹಾಗೆ ಚರ, ಸ್ಥಿರ ಎಂದು ಬರೆಯಬೇಡಿ. ರೂಪಾಯಿ ಕಿರಿದಾದಾಗ ಅದು ಏನು ಮಾಡುತ್ತದೆ ಎಂಬುದರ ಮೇಲೆ ವಿಂಗಡಿಸಿ.

ಕೆಲವು ಆಸ್ತಿಗಳ ಮೇಲೆ ಅಂಕಿ ಕೆತ್ತಿರುತ್ತದೆ. ಠೇವಣಿ, ಅಂಚೆ ಪತ್ರ, ವಿಮಾ ಪಾಲಿಸಿ, ಕಪಾಟಿನ ನಗದು, ಬಂಧುಗಳಿಗೆ ಕೊಟ್ಟ ಕೈಗಡ. ರೂಪಾಯಿ ಏನಾದರೂ ಆ ಅಂಕಿ ಅಲ್ಲಾಡುವುದಿಲ್ಲ. ಇವೇ ಹೆಚ್ಚು ಸವೆಯುವವು. 2015ರಲ್ಲಿ ನಾನು ಬಂಧುವೊಬ್ಬರಿಗೆ ಬಡ್ಡಿ ಇಲ್ಲದೆ 50,000 ಕೊಟ್ಟಿದ್ದೆ. ಹತ್ತು ವರ್ಷ ಬಿಟ್ಟು ಪೂರ್ತಿ ಹಿಂದಿರುಗಿಸಿದರು, ಜೊತೆಗೆ ಒಂದು ಡಬ್ಬಿ ತೊಡದೇವು. 1.80ರಿಂದ ಭಾಗಿಸಿದರೆ ಬಂದದ್ದು ಹಳೆಯ 27,800 ರೂಪಾಯಿ. ತೊಡದೇವು ಚೆನ್ನಾಗಿತ್ತು.

ವಿಮೆಯ ಕಥೆ ಇನ್ನೂ ಉದ್ದ. 1989ರಲ್ಲಿ ಇಪ್ಪತ್ತೈದು ವರ್ಷದ 50,000 ರೂಪಾಯಿಯ ಪಾಲಿಸಿ ತೆಗೆದುಕೊಂಡಾಗ ನಮ್ಮೂರಿನಲ್ಲಿ ಆ ಹಣಕ್ಕೆ ಮನೆ ಕಟ್ಟುವ ಜಾಗ ಸಿಗುತ್ತಿತ್ತು. 2014ರಲ್ಲಿ ಬೋನಸ್ ಸೇರಿ 1,43,000 ಬಂತು. ಜಾಗದ ಮಾತು ಬಿಡಿ, ಎರಡು ಸ್ಕೂಟರಿಗೆ ಸರಿಹೋಗುತ್ತಿತ್ತು. ಇಪ್ಪತ್ತೈದು ವರ್ಷ ನನ್ನ ಜೀವಕ್ಕೆ ರಕ್ಷಣೆ ಇತ್ತು, ಆ ಉಪಕಾರ ನಿಜ. ಆದರೆ ಪಾಲಿಸಿಯ ಮೊತ್ತ ನೋಡಿ "ಮಗಳ ಮದುವೆ ಆಯಿತು" ಎಂದು ನೆಮ್ಮದಿಯಾಗಿ ಮಲಗಿದ್ದೆನಲ್ಲ, ಆ ನಿದ್ದೆ ತಪ್ಪು.

ಬೇರೆ ಕೆಲವು ಬೆಲೆಯ ಜೊತೆ ತಾವೂ ನಡೆಯುತ್ತವೆ. ನನ್ನ ಪಿಂಚಣಿ ಅಂಥದ್ದು. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕಕ್ಕೆ ಕಟ್ಟಿಕೊಂಡು ಜನವರಿ, ಜುಲೈಗಳಲ್ಲಿ ತುಟ್ಟಿಭತ್ಯೆ ಏರುತ್ತದೆ. ನನ್ನ ಭಾವಮೈದುನ ಖಾಸಗಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು. ಅವರಿಗೆ ಭವಿಷ್ಯನಿಧಿಯ ಪಿಂಚಣಿ ತಿಂಗಳಿಗೆ 2,340. ನಿವೃತ್ತಿಯ ದಿನ ಎಷ್ಟಿತ್ತೋ ಇಂದೂ ಅಷ್ಟೇ. ಆ ಯೋಜನೆಯ ಕನಿಷ್ಠ ಪಿಂಚಣಿ 2014ರಲ್ಲಿ 1,000 ಎಂದು ನಿಗದಿಯಾಯಿತು, ಅದಕ್ಕೂ ತುಟ್ಟಿಭತ್ಯೆ ಇಲ್ಲ. ಎರಡಕ್ಕೂ ಹೆಸರು ಪಿಂಚಣಿ. ನಿಮ್ಮ ಪುಸ್ತಕದಲ್ಲಿ ಅವೆರಡನ್ನೂ ಒಂದೇ ಕಡೆ ಬರೆದರೆ ಲೆಕ್ಕ ಅಲ್ಲೇ ಕೆಟ್ಟಿತು.

ತೋಟವೂ ನಡೆಯುತ್ತದೆ, ಆದರೆ ಹದವಿಲ್ಲದೆ. ಅಡಿಕೆಯ ದರ ಒಂದು ವರ್ಷ ಆಕಾಶ, ಒಂದು ವರ್ಷ ಕೆಸರು. ತೋಟವನ್ನು ಆ ವರ್ಷದ ಅಡಿಕೆ ದರದಲ್ಲಿ ಬೆಲೆಕಟ್ಟಿ ಹಿಗ್ಗಬೇಡಿ. ಐದು ವರ್ಷದ ನಿವ್ವಳ ಆದಾಯದ ಸರಾಸರಿ ಬರೆಯಿರಿ. ನಿವೇಶನವಿದ್ದರೆ ಅದೇ ರಸ್ತೆಯಲ್ಲಿ ನಿಜವಾಗಿ ನಡೆದ ಮಾರಾಟದ ಬೆಲೆ ಬರೆಯಿರಿ, ದಲ್ಲಾಳಿ ಹೇಳಿದ್ದನ್ನಲ್ಲ. ನೀವು ವಾಸವಿರುವ ಮನೆಯನ್ನು ಬರೆಯಲೇಬೇಡಿ. ಮಾರಿದರೆ ಮಲಗುವುದೆಲ್ಲಿ? ಷೇರು, ಮ್ಯೂಚುವಲ್ ಫಂಡ್ ಇದ್ದರೆ ಆ ದಿನದ ಮಾರುಕಟ್ಟೆ ಬೆಲೆ ಬರೆದರಾಯಿತು.

ಉಳಿದವು ಡಾಲರಿನ ಬಾಲ ಹಿಡಿದವು: ಚಿನ್ನ, ಹೊರದೇಶದಿಂದ ಬರುವ ಸಂಬಳ, ಚಿಕ್ಕಮಗಳೂರು ಕೊಡಗಿನವರಿಗೆ ಕಾಫಿ. ಕಾಫಿಯ ದರವನ್ನು ನ್ಯೂಯಾರ್ಕ್, ಲಂಡನ್ ಮಾರುಕಟ್ಟೆಗಳು ಡಾಲರಿನಲ್ಲಿ ಹೇಳುತ್ತವೆ. ರೂಪಾಯಿ ಜಾರಿದಾಗ ಬೆಳೆಗಾರನ ಕೈಗೆ ಹೆಚ್ಚು ರೂಪಾಯಿ. ಭಟ್ಕಳ, ಮಂಗಳೂರು ಕಡೆಯ ಮನೆಗಳಿಗೆ ಬರುವ ದಿರ್ಹಾಮ್ ಕೂಡ ಹಾಗೆಯೇ. ಯುಎಇ ದಿರ್ಹಾಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿಕೊಂಡಿದೆ. ಹಾಗಾಗಿ ದುಬೈಯಲ್ಲಿರುವ ಮಗ ಕಳಿಸುವ ಹಣ ಎಂದರೆ ಲೆಕ್ಕಕ್ಕೆ ಡಾಲರೇ.

ಭಾಗಿಸುವುದು

ಇಲ್ಲಿ ಜನ ಎಡವುತ್ತಾರೆ. ಬಡ್ಡಿ ಶೇ. 7, ಬೆಲೆಯೇರಿಕೆ ಶೇ. 6, ಕಳೆದರೆ ಶೇ. 1 ಲಾಭ ಎನ್ನುತ್ತಾರೆ. ಒಂದು ವರ್ಷಕ್ಕೆ ಇದು ಪರವಾಗಿಲ್ಲ. ಹತ್ತು ವರ್ಷಕ್ಕೆ ಕಳೆಯಬಾರದು, ಭಾಗಿಸಬೇಕು. ಇಂದಿನ ಮೊತ್ತವನ್ನು ಮನೆಯ ಗುಣಕದಿಂದ ಭಾಗಿಸಿ. ಬಂದದ್ದು ಹಳೆಯ ರೂಪಾಯಿಯ ಲೆಕ್ಕ. ಅದನ್ನು ಅಂದು ಇಟ್ಟ ಮೊತ್ತದ ಪಕ್ಕ ಬರೆಯಿರಿ.

ಹೆಂಡತಿಗೆ ತವರಿನಿಂದ ಬಂದ 1,50,000 ರೂಪಾಯಿಯನ್ನು 2015ರಲ್ಲಿ ಶೇ. 8.25ಕ್ಕೆ ಐದು ವರ್ಷ ಠೇವಣಿ ಇಟ್ಟಿದ್ದೆವು. 2020ರಲ್ಲಿ ನವೀಕರಿಸುವಾಗ ದರ ಶೇ. 5.5ಕ್ಕೆ ಇಳಿದಿತ್ತು. ಅವಳಿಗೆ ತೆರಿಗೆ ಬರುವಷ್ಟು ಆದಾಯವಿಲ್ಲ, ಆದ್ದರಿಂದ ಪೈಸೆ ಕಡಿತವಿಲ್ಲ. 2025ರಲ್ಲಿ ಕೈಗೆ ಬಂದದ್ದು 2,96,500. ಹತ್ತಿರ ಹತ್ತಿರ ಇಮ್ಮಡಿ. 1.80ರಿಂದ ಭಾಗಿಸಿದರೆ 1,64,700. ಹತ್ತು ವರ್ಷ ಮುಟ್ಟದೆ ಕಾದದ್ದಕ್ಕೆ ನಿಜವಾದ ಗಳಿಕೆ 14,700. ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಮೊದಲ ಐದು ವರ್ಷದಲ್ಲಿ ನೂರಕ್ಕೆ ಹನ್ನೆರಡರಷ್ಟು ನಿಜವಾಗಿ ಬೆಳೆದಿತ್ತು. ಎರಡನೆಯ ಐದು ವರ್ಷ ಅದರಲ್ಲಿ ಎರಡನ್ನು ತಿಂದುಹಾಕಿತು. ಠೇವಣಿ ನವೀಕರಿಸುವ ದಿನ ಕಣ್ಣುಮುಚ್ಚಿ ಸಹಿ ಹಾಕಿದ್ದರ ಬೆಲೆ ಅದು.

"ಬಂದ ಬಡ್ಡಿ ಬೆಲೆ ಏರಿದ್ದಕ್ಕೆ ಸರಿಹೋಯಿತು ಅನ್ನಿ. ನಾನು ದುಡ್ಡು ಬೆಳೆಸಲಿಲ್ಲ, ಕೆಡದಂತೆ ಉಪ್ಪು ಹಾಕಿ ಇಟ್ಟೆ" ಎಂದಳು ಅವಳು. ನಾನು ಅರ್ಧ ಪುಟದಲ್ಲಿ ಹೇಳಿದ್ದನ್ನು ಒಂದು ಉಪ್ಪಿನಕಾಯಿ ಭರಣಿಯಲ್ಲಿ ತುಂಬಿಬಿಟ್ಟಳು.

ತೆರಿಗೆ ಕಟ್ಟುವವರಿಗೆ ಉಪ್ಪೂ ಸಾಲದು. ಇಂದಿನ ಕಿಸಾನ್ ವಿಕಾಸ ಪತ್ರ ಶೇ. 7.5ರ ದರದಲ್ಲಿ 115 ತಿಂಗಳಿಗೆ ಇಮ್ಮಡಿ. ಒಂದು ಲಕ್ಷ ಇಟ್ಟರೆ ಒಂಬತ್ತು ವರ್ಷ ಏಳು ತಿಂಗಳಿಗೆ ಎರಡು ಲಕ್ಷ. ಅದರ ಬಡ್ಡಿಗೆ ತೆರಿಗೆ ಉಂಟು. ಶೇ. 20ರ ಹಂತದಲ್ಲಿರುವವರಿಗೆ ಸೆಸ್ ಸೇರಿ 20,800 ಹೋಗಿ ಉಳಿಯುವುದು 1,79,200. ನಮ್ಮ ಮನೆಯಂತೆ ವರ್ಷಕ್ಕೆ ಶೇ. 6ರಷ್ಟು ಬೆಲೆ ಏರಿದರೆ ಆ ಅವಧಿಯ ಗುಣಕ 1.75ರ ಹತ್ತಿರ. ಭಾಗಿಸಿದರೆ 1,02,500. ಇಂದು ಕೌಂಟರಿನಲ್ಲಿ ನಾನಿದ್ದಿದ್ದರೆ ಇಮ್ಮಡಿ ಎನ್ನುವ ಮಾತಿನ ಜೊತೆ ಈ ಸಾಲನ್ನೂ ಹೇಳುತ್ತಿದ್ದೆ. ಪತ್ರ ಕೊಳ್ಳಬೇಡಿ ಎಂದಲ್ಲ. ಕಳ್ಳರಿಂದ, ಚೀಟಿ ಮುಳುಗಿಸುವವರಿಂದ, ನಮ್ಮದೇ ಕೈಯ ತುರಿಕೆಯಿಂದ ಅದು ಹಣವನ್ನು ಕಾಯುತ್ತದೆ. ಕಾಯುವುದಕ್ಕೂ ಬೆಳೆಸುವುದಕ್ಕೂ ವ್ಯತ್ಯಾಸ ತಿಳಿದಿರಲಿ ಅಷ್ಟೇ.

ಟಿವಿಯ ಡಾಲರ್, ಮನೆಯ ಡಾಲರ್

2025ರ ಡಿಸೆಂಬರಿನಲ್ಲಿ ಡಾಲರ್ ಮೊದಲ ಬಾರಿಗೆ 90 ರೂಪಾಯಿ ದಾಟಿದಾಗ ಟಿವಿಯಲ್ಲಿ ಕೆಂಪು ಅಕ್ಷರಗಳು ಓಡಿದವು. ಪಕ್ಕದ ಮನೆಯ ಭಟ್ಟರು ಸಂಜೆ ಬಂದು "ಇನ್ನು ನಮ್ಮ ಠೇವಣಿ ನೀರು" ಎಂದರು. ಪುಸ್ತಕ ತೆಗೆದು ತೋರಿಸಿದೆ. 2015ರ ಕೊನೆಗೆ ಡಾಲರಿಗೆ 66ರ ಆಸುಪಾಸು. 90 ಎಂದರೆ ಹತ್ತು ವರ್ಷದಲ್ಲಿ 1.36 ಪಟ್ಟು. ನಮ್ಮ ಅಡುಗೆಮನೆ, ಔಷಧ, ಕೂಲಿ ಸೇರಿ ಅದೇ ಅವಧಿಯಲ್ಲಿ 1.80 ಪಟ್ಟು. ಟಿವಿಯಲ್ಲಿ ಕೂಗು ಹಾಕುವ ಇಳಿತಕ್ಕಿಂತ ಸದ್ದಿಲ್ಲದೆ ಹಿತ್ತಿಲ ಬಾಗಿಲಿನಿಂದ ಬಂದ ಏರಿಕೆ ಹೆಚ್ಚು ತಿಂದಿದೆ. ಡಾಲರನ್ನೇ ಪೆಟ್ಟಿಗೆಯಲ್ಲಿಟ್ಟು ಕುಳಿತವನೂ ಗೆದ್ದಿಲ್ಲ. ಅಮೆರಿಕದಲ್ಲಿಯೂ ಈ ಹತ್ತು ವರ್ಷದಲ್ಲಿ ಬೆಲೆಗಳು ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿವೆ.

ಡಾಲರ್ ನಮ್ಮ ಮನೆಗೆ ಬರುವ ದಾರಿಗಳಿವೆ, ಅವನ್ನು ಗುರುತಿಸಿಟ್ಟುಕೊಳ್ಳಿ. ದೇಶ ಬಳಸುವ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾದಿಂದ, ಸೂರ್ಯಕಾಂತಿ ಎಣ್ಣೆ ರಷ್ಯಾ, ಉಕ್ರೇನಿನಿಂದ. ತೋಟಕ್ಕೆ ಹಾಕುವ ಪೊಟ್ಯಾಷ್ ಹೊರಗಿನದೇ. ಅಡಿಕೆಯ ಕೊಳೆರೋಗದ ಔಷಧಿಗೆ ಬೇಕಾದ ಮೈಲುತುತ್ತದ ಬೆಲೆ ತಾಮ್ರದ ಬೆನ್ನ ಮೇಲೆ ಕುಳಿತಿದೆ, ತಾಮ್ರ ಡಾಲರಿನ ಬೆನ್ನ ಮೇಲೆ. ಪೆಟ್ರೋಲ್ ಮಾತ್ರ ನೇರ ಲೆಕ್ಕಕ್ಕೆ ಸಿಗುವುದಿಲ್ಲ, ನಡುವೆ ತೆರಿಗೆ ಇದೆ. 2022ರಲ್ಲಿ ಡಾಲರ್ 74ರಿಂದ 82 ದಾಟಿತು, ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಕೇಂದ್ರ ಸುಂಕ 8 ರೂಪಾಯಿ ಇಳಿದದ್ದರಿಂದ ಬಂಕಿನಲ್ಲಿ ಪೆಟ್ರೋಲ್ ಅಗ್ಗವಾಯಿತು. 2024ರ ಜೂನಿನಲ್ಲಿ ರೂಪಾಯಿ ಹೆಚ್ಚೇನೂ ಅಲ್ಲಾಡದಿದ್ದರೂ ರಾಜ್ಯ ತೆರಿಗೆ ಏರಿ ದುಬಾರಿಯಾಯಿತು. ಎಲ್ಲ ಪಾಪವನ್ನೂ ರೂಪಾಯಿಯ ತಲೆಗೆ ಕಟ್ಟಬಾರದು.

ನಮ್ಮ ಮನೆಗೆ ಡಾಲರ್ ಮುಂಬಾಗಿಲಿನಿಂದಲೇ ನುಗ್ಗಿದ್ದು ಮಗಳು ಓದಲು ಅಮೆರಿಕಕ್ಕೆ ಹೊರಟಾಗ. 2021ರ ಆಗಸ್ಟಿನಲ್ಲಿ ಅಂದಾಜುಪಟ್ಟಿ ಬರೆದದ್ದು ನಾನೇ. ನಾಲ್ಕು ಸೆಮಿಸ್ಟರ್, ಒಂದೊಂದಕ್ಕೆ 9,500 ಡಾಲರ್, ಡಾಲರಿಗೆ 74. ಒಟ್ಟು 28,12,000. ಮೂವತ್ತು ವರ್ಷಗಳ ಹಿಂದೆ ಹೆಗಡೆಯವರಿಗಾದ ಗತಿ ನೋಡಿದ ಮನುಷ್ಯ ಆ 74ನ್ನು ಕಲ್ಲಿನಲ್ಲಿ ಕೆತ್ತಿದ ಅಂಕಿ ಎಂದು ನಂಬಿದೆ! ಕಟ್ಟುವ ಹೊತ್ತಿಗೆ ಬ್ಯಾಂಕಿನ ದರ ಮೊದಲ ಕಂತಿಗೆ 80.50, ಎರಡನೆಯದಕ್ಕೆ 83, ಮೂರು ನಾಲ್ಕನೆಯದಕ್ಕೆ 84. ಒಟ್ಟು 31,49,250. ವ್ಯತ್ಯಾಸ 3,37,250. ಪತ್ರಿಕೆಯಲ್ಲಿ ಬರುವ ದರ ಬೇರೆ, ಬ್ಯಾಂಕ್ ನಮಗೆ ಮಾರುವ ದರ ಬೇರೆ, ನಡುವೆ ಒಂದು ರೂಪಾಯಿಯ ಆಸುಪಾಸು ಅಂತರ ಎಂಬುದೂ ಆಗಲೇ ತಿಳಿದದ್ದು.

ಮಕ್ಕಳನ್ನು ಕಳಿಸುವವರು ಹೀಗೆ ಮಾಡಿ. ಇಂದಿನ ಮಾರುವ ದರವನ್ನು ಬ್ಯಾಂಕಿನಲ್ಲೇ ಕೇಳಿ ಬರೆದುಕೊಳ್ಳಿ. ಮೇಲೆ ಒಂದೊಂದು ವರ್ಷಕ್ಕೆ ಶೇ. 4 ಸೇರಿಸುತ್ತ ಮುಂದಿನ ಕಂತುಗಳ ದರ ಅಂದಾಜಿಸಿ. ಕಳೆದ ದಶಕದ ಸರಾಸರಿ ಶೇ. 3ರ ಹತ್ತಿರ, ಒಂದು ಅಂಶ ಹೆಚ್ಚು ಇಟ್ಟುಕೊಂಡರೆ ರಾತ್ರಿ ನಿದ್ದೆ ಬರುತ್ತದೆ. ಎರಡು ಮೂರು ಬ್ಯಾಂಕುಗಳ ದರವನ್ನು ಒಂದೇ ದಿನ ಹೋಲಿಸಿ. ಹತ್ತು ಸಾವಿರ ಡಾಲರಿಗೆ ಐವತ್ತು ಪೈಸೆ ವ್ಯತ್ಯಾಸ ಎಂದರೆ ಐದು ಸಾವಿರ ರೂಪಾಯಿ. ಡಾಲರ್ ಇಳಿಯಲಿ ಎಂದು ಶುಲ್ಕದ ಕೊನೆಯ ದಿನದವರೆಗೆ ಕಾಯಬೇಡಿ. ನಾನು ಎರಡನೆಯ ಕಂತಿಗೆ ಹದಿನೆಂಟು ದಿನ ಕಾದೆ, ಅದು ನಲವತ್ತು ಪೈಸೆ ಏರಿತು.

ಆ ಖರ್ಚಿನಲ್ಲಿ 20 ಲಕ್ಷ ಶಿಕ್ಷಣ ಸಾಲ, ರೂಪಾಯಿಯಲ್ಲಿ. ಈಗ ಅವಳ ಸಂಬಳ ಡಾಲರಿನಲ್ಲಿ. 2024ರಲ್ಲಿ ಕೆಲಸಕ್ಕೆ ಸೇರಿದಾಗ ಅಸಲು ತೀರಿಸಲು ಸುಮಾರು 24,000 ಡಾಲರ್ ಬೇಕಿತ್ತು. 90ರ ದರದಲ್ಲಿ ಅದೇ ಅಸಲಿಗೆ 22,200 ಸಾಕು. ತಂದೆಯ ಜೇಬಿನಿಂದ ಕಿತ್ತುಕೊಂಡದ್ದನ್ನು ರೂಪಾಯಿ ಮಗಳ ಜೇಬಿಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಿದೆ.

ಚಿನ್ನ ಮತ್ತು ಸಾಲ

ಚಿನ್ನವನ್ನು ಗ್ರಾಂನಲ್ಲೇ ಬರೆಯಿರಿ, ರೂಪಾಯಿಯಲ್ಲಿ ಬರೆದು ಶ್ರೀಮಂತರಾಗಬೇಡಿ. ನಮ್ಮ ಮನೆಯಲ್ಲಿ 2015ರಲ್ಲಿ 180 ಗ್ರಾಂ ಇತ್ತು, ಈಗಲೂ 180 ಗ್ರಾಂ. ಬೆಲೆ ಹತ್ತು ಗ್ರಾಂಗೆ ಲಕ್ಷ ದಾಟಿದ ಮಾತ್ರಕ್ಕೆ ಒಂದು ಬಳೆ ಹೆಚ್ಚಾಗಿಲ್ಲ. ಮಾರುವ ಉದ್ದೇಶವಿದ್ದರೆ ಮಾತ್ರ ರೂಪಾಯಿಗೆ ತಿರುಗಿಸಿ, ಅದೂ ಮಜೂರಿ, ಕಲ್ಲಿನ ತೂಕ, ಸವಕಳಿ ಎಲ್ಲ ಕಳೆದು.

ಚಿನ್ನ ಎಂದೂ ಸೋಲುವುದಿಲ್ಲ ಎನ್ನುವವರಿಗೆ ನಾನು ಎರಡು ಅಂಕಿ ಹೇಳುತ್ತೇನೆ. 1980ರಲ್ಲಿ ಹತ್ತು ಗ್ರಾಂಗೆ ಸುಮಾರು 1,330, 2000ದಲ್ಲಿ ಸುಮಾರು 4,400. ಇಪ್ಪತ್ತು ವರ್ಷದಲ್ಲಿ 3.3 ಪಟ್ಟು. ಅದೇ ಇಪ್ಪತ್ತು ವರ್ಷದಲ್ಲಿ ಕಾರ್ಮಿಕರ ಬೆಲೆ ಸೂಚ್ಯಂಕ ಐದು ಪಟ್ಟಿಗೂ ಹೆಚ್ಚು ಏರಿತು. ಆ ಕಾಲದಲ್ಲಿ ಚಿನ್ನ ಕೊಂಡಿಟ್ಟವರಿಗಿಂತ ಅಂಚೆ ಕಚೇರಿಗೆ ಬಂದವರೇ ಮೇಲು. ನಂತರದ ಇಪ್ಪತ್ತೈದು ವರ್ಷ ಚಿನ್ನದ್ದು, ಒಪ್ಪುತ್ತೇನೆ. ಯಾವ ಇಪ್ಪತ್ತು ವರ್ಷ ನಿಮ್ಮ ಪಾಲಿಗೆ ಬರುತ್ತದೆ ಎಂದು ಅಕ್ಕಸಾಲಿಗನೂ ಹೇಳಲಾರ.

ಸಾಲವನ್ನೂ ಅದೇ ಪುಟದಲ್ಲಿ ಬರೆಯಬೇಕು, ಏಕೆಂದರೆ ರೂಪಾಯಿ ಸವೆದಾಗ ಸಾಲವೂ ಸವೆಯುತ್ತದೆ. 1996ರಲ್ಲಿ ಮನೆಸಾಲದ ಕಂತು 1,380, ಅದು ನನ್ನ ಸಂಬಳದ ಮೂರನೇ ಒಂದು ಪಾಲು. ತಿಂಗಳ ಕೊನೆಯಲ್ಲಿ ಚಹಾಕ್ಕೆ ಬೆಲ್ಲ ಹಾಕಿದ ದಿನಗಳು ಅವು. 2011ರಲ್ಲಿ ಕೊನೆಯ ಕಂತೂ 1,380ವೇ, ಆದರೆ ಆಗಿನ ಸಂಬಳದ ಇಪ್ಪತ್ತನೇ ಒಂದು ಪಾಲು. ಬಡ್ಡಿ ದರ ನಿಶ್ಚಿತವಾಗಿದ್ದರಿಂದ ಹಾಗಾಯಿತು. ಇಂದಿನ ಹೆಚ್ಚಿನ ಮನೆಸಾಲಗಳು ರೆಪೋ ದರದ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರದ, ಜೊತೆ ಏರಿಳಿಯುತ್ತವೆ, ಬೆಲೆ ಏರಿದಾಗ ಬಡ್ಡಿಯೂ ಏರಬಹುದು. ಹಣದುಬ್ಬರ ಸಾಲಗಾರನ ಗೆಳೆಯ ಎಂದು ನಂಬಿ ಹೊಸ ಸಾಲ ಮಾಡುವವರು ಮೊದಲು ಒಪ್ಪಂದದ ಆ ಸಾಲನ್ನು ಓದಲಿ.

ಕಳೆದ ದೀಪಾವಳಿಯಲ್ಲಿ ನಾವು ಮಾಡಿದ್ದು

ಲೆಕ್ಕ ಮುಗಿದ ಮೇಲೆ ಪ್ರತಿಯೊಂದು ಮೊತ್ತದ ಎದುರು ಅದು ಯಾವ ಖರ್ಚಿಗೆ ಎಂದು ಬರೆಯುತ್ತೇವೆ. ಎರಡು ವರ್ಷದೊಳಗಿನ ಖರ್ಚಿನ ಹಣ ಠೇವಣಿಯಲ್ಲೇ ಇರಲಿ, ಅಷ್ಟರಲ್ಲಿ ಹೆಚ್ಚು ಸವೆಯುವುದಿಲ್ಲ. ಆಸ್ಪತ್ರೆಯ ಹಣವೂ ಅಲ್ಲೇ. ಹತ್ತು ವರ್ಷ ಮುಟ್ಟದ ಹಣ ಅಲ್ಲಿದ್ದರೆ ಏಕೆ ಎಂದು ಕೇಳಿಕೊಳ್ಳುತ್ತೇವೆ.

ಹೆಂಡತಿಯ 2,96,500ರ ಎದುರು "ನನ್ನ ಕೈಖರ್ಚಿಗೆ, ಕೊನೆತನಕ" ಎಂದು ಅವಳೇ ಬರೆದಳು. ಅವಳಿಗೆ ಅರವತ್ತು ತುಂಬಿತ್ತು. 3,500 ಸೇರಿಸಿ ಮೂರು ಲಕ್ಷ ಮಾಡಿ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ಬಡ್ಡಿ ಶೇ. 8.2, ಮೂರು ತಿಂಗಳಿಗೊಮ್ಮೆ 6,150 ಖಾತೆಗೆ ಬರುತ್ತದೆ. ಅಷ್ಟನ್ನೂ ಖರ್ಚು ಮಾಡಿದರೆ ಐದು ವರ್ಷದ ನಂತರ ಮೂರು ಲಕ್ಷವೇನೋ ಮೂರು ಲಕ್ಷವಾಗಿಯೇ ವಾಪಸು ಬರುತ್ತದೆ, ಆದರೆ ಅದಕ್ಕೆ ಇಂದಿನ 2,24,000ದ ಯೋಗ್ಯತೆ. ಅಸಲು ಕುಗ್ಗದಂತೆ ನಿಲ್ಲಬೇಕಾದರೆ ವರ್ಷಕ್ಕೆ ಶೇ. 6, ಅಂದರೆ 18,000 ಹಿಂದಕ್ಕೆ ಹಾಕಬೇಕು. ಮೂರು ತಿಂಗಳಿಗೆ 4,500. 6,150ರಲ್ಲಿ ನಿಜವಾಗಿ ಅವಳು ಖರ್ಚು ಮಾಡಬಹುದಾದದ್ದು 1,650 ಮಾತ್ರ. ನಾನು ಇದನ್ನು ಹೇಳಲು ಸ್ವಲ್ಪ ಹೆದರಿದ್ದೆ. ಅವಳು ಕ್ಯಾಲ್ಕ್ಯುಲೇಟರ್ ತೆಗೆದುಕೊಂಡು ತಾನೇ ಒಮ್ಮೆ ಒತ್ತಿ ನೋಡಿ, ತಿಂಗಳಿಗೆ 1,500ರ ಆವರ್ತ ಠೇವಣಿಯೊಂದನ್ನು ತೆರೆದಳು.

ಮೊದಲ ಪೂರ್ತಿ ಕಂತು ಏಪ್ರಿಲ್‌ನಲ್ಲಿ ಬರುತ್ತದೆ. ಶಿರಸಿ ಪೇಟೆಯ ಪಾತ್ರೆ ಅಂಗಡಿಯಲ್ಲಿ ಒಂದು ಇಡ್ಲಿ ಪಾತ್ರೆಯನ್ನು ಈಗಾಗಲೇ ನೋಡಿಟ್ಟಿದ್ದಾಳೆ. ಬೆಲೆ 1,720. ಮೇಲಿನ ಎಪ್ಪತ್ತು ರೂಪಾಯಿಗಾಗಿ ಅಂಗಡಿಯವರ ಜೊತೆ ಎರಡು ಸಲ ಮಾತುಕತೆ ಆಗಿದೆ.